ಖಾಲಿ ಕೊಡಬಾರದ ಡಬ್ಬಿ

ಮೂವತ್ತು ವರ್ಷ ಗುಬ್ಬಿಯ ಅಂಗನವಾಡಿಯಲ್ಲಿ ಮಕ್ಕಳನ್ನು ಗದರಿಸಿ ಮುದ್ದಿಸಿ ನಿವೃತ್ತರಾದ ಕಲ್ಲಮ್ಮನವರ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಗಂಟಲಿನ ಜೋರು ಮಾತ್ರ ಹಾಗೇ ಇತ್ತು. ಪ್ರತಿ ಸಂಕ್ರಾಂತಿಗೂ ಬೀದಿಯ ಮಕ್ಕಳಿಗೆಲ್ಲ ಸ್ಟೀಲ್ ಡಬ್ಬಿಯಲ್ಲಿ ಎಳ್ಳುಬೆಲ್ಲ ತುಂಬಿ, ಮೇಲೊಂದು ಸಕ್ಕರೆ ಅಚ್ಚು ಇಟ್ಟು ಕೊಡುತ್ತಿದ್ದರು. ಜೊತೆಗೆ ತಪ್ಪದೆ ಒಂದು ಪಾಠ.

"ಪ್ರೀತಿಯಿಂದ ಕೊಟ್ಟ ಡಬ್ಬೀನ ಖಾಲಿ ವಾಪಸ್ ಕೊಡಬಾರ್ದು ಕಣ್ರೋ. ಒಂದ್ ಚಮಚ ಸಕ್ಕರೆಯಾದ್ರೂ ಹಾಕ್ಕೊಡ್ಬೇಕು, ತಿಳೀತಾ?"

ಈ ಸಲ ಸಂಜೆಯೊಳಗೆ ಡಬ್ಬಿಗಳು ಕುಣಿಯುತ್ತಾ ವಾಪಸ್ ಬಂದವು. ಒಂದರಲ್ಲಿ ಬಾಳೆಹಣ್ಣು, ಒಂದರಲ್ಲಿ ಅರ್ಧ ಕಚ್ಚಿದ ಚಾಕೊಲೇಟು, ಇನ್ನೊಂದರಲ್ಲಿ ಗೋಲಿ! ಕಲ್ಲಮ್ಮ ನಕ್ಕೂ ನಕ್ಕೂ ಸುಸ್ತಾಗಿ ಜಗಲಿಯ ಮೇಲೇ ಕೂತುಬಿಟ್ಟರು.

ಕೊನೆಗೆ ಎದುರುಮನೆ ರಝಿಯಾಳ ಆರು ವರ್ಷದ ಮಗಳು ಉಝ್ಮಾ ಓಡಿ ಬಂದಳು. ಅವಳ ಡಬ್ಬಿ ಅಲ್ಲಾಡಿಸಿದರೆ ಟಿಣ್ ಟಿಣ್ ಸದ್ದು. ಮುಚ್ಚಳ ತೆಗೆದರೆ ಒಳಗೊಂದು ಪುಟಾಣಿ ಹಾಲುಹಲ್ಲು!

"ಅಯ್ಯೋ, ಏನೇ ಇದು?"

"ನಿಮ್ಮ ಸಕ್ಕರೆ ಅಚ್ಚು ಕಚ್ಚಿದೆ, ಬಿದ್ದೋಯ್ತು." ಉಝ್ಮಾ ಕಿಂಡಿ ಬಾಯಿ ಬಿಟ್ಟು ನಕ್ಕಳು. "ನಂಗೆ ಇನ್ನೊಂದು ಬರುತ್ತಂತೆ ಅಜ್ಜಿ. ನಿಮ್ಗೆ ಒಂದೂ ಇಲ್ವಲ್ಲಾ, ಇಟ್ಕೊಳ್ಳಿ!"