ಅಮ್ಮನ ಅಳತೆಗೆ ಒಂದು ಬೋಟ್ ಕವರ್

ನನ್ನ ಊಟದ ಮೇಜಿನ ಮೂಲೆಯಲ್ಲಿ ಅಂಗೈಯಗಲದ ಕೆಲವು ಬಟ್ಟೆಯ ತುಂಡುಗಳು ಬಿದ್ದಿವೆ. ಒಂದು ನೀಲಿ, ಒಂದು ಬೂದು, ಒಂದು ಮಾಸಲು ಹಸಿರು. ಯಶವಂತಪುರದ ಟಾರ್ಪಾಲಿನ್ ಅಂಗಡಿಯವರು ಕೊಟ್ಟ ಸ್ಯಾಂಪಲ್ಲುಗಳು. ಫ್ಯಾನ್ ಹಾಕಿದರೆ ನೀಲಿ ತುಂಡಿನ ವಾಸನೆ ಮನೆಯೆಲ್ಲ ಹರಡುತ್ತದೆ. ನಿಮಗೆ ಅದು ಹೊಸ ಸ್ಕೂಲ್ ಬ್ಯಾಗಿನ ವಾಸನೆಯಂತೆಯೋ ಆಟೋದ ಹೊಸ ಸೀಟಿನ ವಾಸನೆಯಂತೆಯೋ ಕಾಣಬಹುದು. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಕೈ ತಾನಾಗಿ ಕಿಟಕಿಯ ಚಿಲಕದ ಕಡೆಗೆ ಹೋಗುತ್ತದೆ.

ಒಂದು ಬೋಟಿಗೆ ಹೊದಿಕೆ ಹೊಲಿಸಲು ತಂದ ಬಟ್ಟೆಗಳು ಇವು. ಬೆಂಗಳೂರಿನಲ್ಲಿ, ಅದರಲ್ಲೂ ಕೋಗಿಲಿನಲ್ಲಿ, ಯಾರ ಮನೆಯಲ್ಲಿ ಬೋಟಿದೆ ಎಂದು ನೀವು ಕೇಳುತ್ತೀರಿ. ನನ್ನ ತಮ್ಮ ಮುನಿರಾಜುವಿನ ಮನೆಯಲ್ಲಿದೆ. ಅವನದು ಟ್ಯಾಂಕರಿನಲ್ಲಿ ನೀರು ಮಾರುವ ವ್ಯಾಪಾರ. ಬಾಗಿಲು ಮುಚ್ಚಿದ ಯಾವುದೋ ರೆಸಾರ್ಟಿನವರು ತಮ್ಮ ಸ್ಕೀ ಬೋಟನ್ನು ಮಾರುತ್ತಾರೆಂದು ತಿಳಿದು, ಟ್ರೈಲರ್ ಸಮೇತ ಎಳೆದುಕೊಂಡು ಬಂದ. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ನಿಂತವರನ್ನು ಹಗ್ಗದಿಂದ ಎಳೆದುಕೊಂಡು ಓಡುವ ಬೋಟು ಅದು. ಆ ಹಗ್ಗ ಸಿಕ್ಕಿಸಲು ನಡುವೆ ಒಂದು ಕಬ್ಬಿಣದ ಕಂಬ, ಸುತ್ತ ಮೆತ್ತನೆಯ ಬಿಳಿ ಸೀಟುಗಳು. ಹೆಸರಘಟ್ಟದ ಕೆರೆಯಲ್ಲಿ ಓಡಿಸುತ್ತೇನೆ ಎಂದ. ಆ ವರ್ಷ ಕೆರೆಯಲ್ಲಿ ಬೋಟು ತೇಲುವಷ್ಟು ನೀರಿರಲಿಲ್ಲ. ನೀರು ಬಂದ ವರ್ಷ ಅನುಮತಿ ಸಿಗಲಿಲ್ಲ. ಬೋಟು ಮನೆಯ ಪಕ್ಕದ ಖಾಲಿ ಸೈಟಿನಲ್ಲಿ, ಹೊಂಗೆ ಮರದ ಕೆಳಗೆ ನಿಂತುಬಿಟ್ಟಿತು.

“ಊರಿಗೆಲ್ಲ ನೀರ್ ಕೊಡ್ತೀಯ ಮುನಿಯಣ್ಣ, ಬೋಟಿಗೆ ಒಂದ್ ಲೋಡ್ ಹೊಡ್ಸೋಕಾಗಲ್ವಾ?” ಎಂದು ಎದುರುಮನೆಯವರು ಕೆಣಕಿದರೆ ಅವನು, “ಬೋಟು ಅಡ್ವಾನ್ಸ್ ಕೊಟ್ಟಿಲ್ಲ ಗುರು,” ಎನ್ನುತ್ತಿದ್ದ. ಅವನಿಗೆ ಬೇಸರವಿದ್ದರೂ ತೋರಿಸುತ್ತಿರಲಿಲ್ಲ.

ಮೊದಲ ಹೊದಿಕೆಯ ಕಥೆ ನಗುವಂಥದ್ದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಗಲು ಆಗುವುದಿಲ್ಲ. ಆಯುಧಪೂಜೆಗೆ ಮುನಿರಾಜು ಎರಡು ಟ್ಯಾಂಕರುಗಳ ಜೊತೆ ಬೋಟಿಗೂ ಪೂಜೆ ಮಾಡಿದ. ಟ್ರೈಲರಿನ ಚಕ್ರಕ್ಕೆ ನಿಂಬೆಹಣ್ಣು, ಮುಂದಿನ ಗಾಜಿನ ಎಡಕ್ಕೊಂದು ಬಲಕ್ಕೊಂದು ಬಾಳೆಕಂದು. ಮರುದಿನ ಯಲಹಂಕದಿಂದ ಹೊಲಿಗೆಯವರು ಅಳತೆಗೆ ಬಂದರು. ಬಾಳೆಕಂದು ಅಷ್ಟು ಬೇಗ ಬಿಚ್ಚಬಾರದು ಎಂದು ಮುನಿರಾಜುವಿನ ಹೆಂಡತಿ ಪದ್ಮಾ ಹಟ ಹಿಡಿದಳು. ಬಂದವರು ಅದನ್ನೂ ಬೋಟಿನ ಭಾಗವೆಂದು ತಿಳಿದರೋ, ನಮಗೇಕೆ ಉಸಾಬರಿ ಎಂದುಕೊಂಡರೋ, ಟೇಪನ್ನು ಬಾಳೆಕಂದಿನ ಮೇಲಿಂದಲೇ ಹಾಯಿಸಿ ಅಳೆದುಕೊಂಡು ಹೋದರು. ಹೊಲಿದು ತಂದ ನೀಲಿ ಹೊದಿಕೆಗೆ ಎರಡು ಕೊಂಬುಗಳಿದ್ದವು. ಒಳಗೆ ಆಧಾರವಿಲ್ಲದ್ದರಿಂದ ಅವು ಜೋತು ಬೀಳುತ್ತಿದ್ದವು. ಬೀದಿಯವರೆಲ್ಲ ಬೋಟನ್ನು “ಮುನಿಯಣ್ಣನ ಬಸವ” ಎಂದು ಕರೆಯತೊಡಗಿದರು. ಕೊಂಬುಗಳ ನಡುವಿನ ತಗ್ಗಿನಲ್ಲಿ ಮಳೆನೀರು ನಿಂತು, ಬಟ್ಟೆ ಸ್ಟೇರಿಂಗಿನ ಮೇಲೆ ಕುಸಿಯುತ್ತಿತ್ತು.

ಈಗ ಆ ಮಧ್ಯಾಹ್ನ. ಕಳೆದ ಬೇಸಿಗೆಯದು. ನಾನು ಕಂಡದ್ದನ್ನೂ ಆಮೇಲೆ ಕೇಳಿ ತಿಳಿದದ್ದನ್ನೂ ಬೇರೆಬೇರೆಯಾಗಿ ಇಡಲು ಪ್ರಯತ್ನಿಸುತ್ತೇನೆ. ಅವು ನನ್ನ ತಲೆಯಲ್ಲಿ ಕಲಸಿಹೋಗಿವೆ.

ಕಂಡದ್ದು ಇಷ್ಟು. ಆರ್.ಟಿ. ನಗರದಿಂದ ನಾನು ತಮ್ಮನ ಮನೆಗೆ ಊಟಕ್ಕೆ ಹೋಗಿದ್ದೆ. ಊಟವಾದ ಮೇಲೆ, ತಮ್ಮನ ಜೊತೆಗೇ ಇರುವ ಅಮ್ಮ, “ಲಕ್ಷ್ಮಕ್ಕನ ಮನೇಗ್ ಓಗ್ಬತ್ತೀನಿ,” ಎಂದು ಹೊರಟಳು. ಅಮ್ಮ ದಿನವೂ ಆ ಹೊತ್ತಿಗೆ ಅದೇ ಬೀದಿಯ ಲಕ್ಷ್ಮಕ್ಕನ ಮನೆಗೆ ಹೋಗುತ್ತಾಳೆಂದು ಪದ್ಮಾ ಹೇಳಿದಳು. ಹಿಂದಿನ ಬೀದಿಯಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ನೆಲ ಅದುರುವಂಥ ಸದ್ದು. ನಾವು ಒಬ್ಬರಿಗೊಬ್ಬರು ಕೂಗಿಕೊಂಡೇ ಮಾತಾಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಮೋಡ ಕವಿಯಿತು. ಮುನಿರಾಜು ಟ್ಯಾಂಕರ್ ನಿಲ್ಲಿಸಿ ಇಳಿದು, ಆಕಾಶ ನೋಡಿ, ಬೋಟಿನ ಸುತ್ತ ಹೋಗಿ ಹೊದಿಕೆಯ ಹಗ್ಗಗಳನ್ನು ಒಂದೊಂದಾಗಿ ಜಗ್ಗಿ ಕಟ್ಟಿದ. ನೀರು ನಿಲ್ಲಬಾರದೆಂದು ಕಾಲನ್ನು ಟ್ರೈಲರಿಗೆ ಒತ್ತಿ ಹಿಡಿದು ಎಳೆದ. ಒಳಗೆ ಬಂದು ಕಾಫಿ ಕುಡಿದ. ಮಳೆ ಬರಲಿಲ್ಲ. ಮೋಡ ಸರಿದು ಬಿಸಿಲು ಮೊದಲಿಗಿಂತ ಜೋರಾಗಿ ಬಿತ್ತು.

ತಿಳಿದದ್ದು ಆಮೇಲೆ. ಅಮ್ಮ ಲಕ್ಷ್ಮಕ್ಕನ ಮನೆಗೆ ಹೋಗಿ ತಿಂಗಳುಗಳೇ ಆಗಿದ್ದವು. ದಿನವೂ ಆ ಹೊತ್ತಿಗೆ ಅವಳು ಹೊದಿಕೆಯ ಅಂಚು ಎತ್ತಿ ಬೋಟಿನೊಳಗೆ ಹೋಗಿ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದಳು. ಗೊತ್ತಾಗಬಾರದೆಂದು ಚಪ್ಪಲಿಯನ್ನೂ ಒಳಗೇ ಒಯ್ಯುತ್ತಿದ್ದಳು. ಮುನಿರಾಜು ಹಗ್ಗ ಎಳೆಯುವಾಗ ಅವಳಿಗೆ ನಿದ್ದೆ ಹತ್ತಿತ್ತು.

ನಾನು ವರಾಂಡದಲ್ಲಿ ನಿಂತಿದ್ದೆ. ಹೊಂಗೆಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಇದನ್ನು ಖಚಿತವಾಗಿ ಹೇಳಬಲ್ಲೆ. ಬೋಟಿನ ಹೊದಿಕೆಯ ಎಡಗಡೆಯ ಕೊಂಬು ಅಲುಗಿತು. ಬೆಕ್ಕು ಸೇರಿಕೊಂಡಿದೆ ಅಂದುಕೊಂಡೆ. ಕೊಂಬು ಮತ್ತೆ ಅಲುಗಿತು, ನಿಧಾನವಾಗಿ ಮೇಲೆದ್ದಿತು, ಒಳಗಿನಿಂದ ತುಂಬಿಕೊಂಡಿತು, ಕುಸಿಯಿತು. ಹೊದಿಕೆಯ ಉಳಿದ ಭಾಗವೆಲ್ಲ ತಮಟೆಯ ಚರ್ಮದ ಹಾಗೆ ಬಿಗಿದಿತ್ತು, ಅಲ್ಲಿ ಏನೂ ಕಾಣುತ್ತಿರಲಿಲ್ಲ. ತಪ್ಪಾಗಿ ಹೊಲಿದ ಆ ಮೂಲೆಯಲ್ಲಿ ಮಾತ್ರ ಒಂದು ಕೈ ಹಿಡಿಸುವಷ್ಟು ಜಾಗವಿತ್ತು. ಆ ಕೈ ಅಮ್ಮನದೆಂದು ನನಗೆ ಹೇಗೆ ಗೊತ್ತಾಯಿತೋ ಇವತ್ತಿಗೂ ತಿಳಿಯದು. ಕೂಗಿದೆ. ಬೋರ್‌ವೆಲ್ಲಿನ ಸದ್ದಿಗೆ ನನ್ನ ದನಿ ನನಗೇ ಕೇಳಲಿಲ್ಲ.

ಮುನಿರಾಜುವಿಗೆ ತಾನು ಹಾಕಿದ ಗಂಟನ್ನು ತಾನೇ ಬಿಚ್ಚಲಾಗಲಿಲ್ಲ. ಪದ್ಮಾ ಕಾಯಿ ಕೆತ್ತುವ ಮಚ್ಚು ತಂದಳು. ಹೊದಿಕೆ ಸೀಳಿದಾಗ ಮೇಲೆದ್ದ ಬಿಸಿಗಾಳಿ ನನ್ನ ಮುಖಕ್ಕೆ ಹೊಡೆಯಿತು. ರೆಕ್ಸಿನ್ನಿನ ವಾಸನೆ, ಬೆವರಿನ ವಾಸನೆ. ಅಮ್ಮನ ತುಟಿ ಅಂಟಿಕೊಂಡಿತ್ತು. ಕಣ್ಣು ತೆರೆದಿತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ, ರಾತ್ರಿಗೆ ಅವಳು ಮಾತಾಡಿದಳು. ತಮ್ಮನನ್ನೇ ನೋಡಿ, “ಅದ್ಯಾಕ್ಲಾ ಅಷ್ಟ್ ಬಿಗ್ಯಾಗ್ ಕಟ್ತೀಯ?” ಎಂದಳು. ಅವನು ಮಂಚದ ಕಾಲು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಅಮ್ಮ ಚೇತರಿಸಿಕೊಂಡಳು. ಮುನಿರಾಜು ಪೂರ್ತಿ ಚೇತರಿಸಿಕೊಂಡಿಲ್ಲ. ಅಂದಿನಿಂದ ಅವನ ಕೈ ಯಾವ ಗಂಟನ್ನೂ ಬಿಗಿಯುವುದಿಲ್ಲ. ಟ್ಯಾಂಕರಿನ ಪೈಪನ್ನು ಸಡಿಲವಾಗಿ ಕಟ್ಟಿ, ಅದು ಬಳ್ಳಾರಿ ರಸ್ತೆಯಲ್ಲಿ ಕಳಚಿ ಬಿದ್ದು, ಹಿಂದಿನ ಕಾರಿನವರಿಂದ ಬೈಸಿಕೊಂಡ. ಬೋಟಿನ ಮೇಲೆ ಮಳೆಗಾಲವಿಡೀ ಒಂದು ಪ್ಲಾಸ್ಟಿಕ್ ಹಾಳೆಯನ್ನು ಸುಮ್ಮನೆ ಎಸೆದಿದ್ದ. ಸೀಟುಗಳಿಗೆ ಬೂಷ್ಟು ಬಂತು. ಮಾರಿಬಿಡು ಎಂದೆ ನಾನು. ಅವನೂ ಒಪ್ಪಿದ. ಒಪ್ಪದವಳು ಅಮ್ಮ. ಕಾರಣ ಬೇಗನೇ ಗೊತ್ತಾಯಿತು. ಅವಳು ಮತ್ತೆ ಅಲ್ಲಿಗೆ ಹೋಗತೊಡಗಿದ್ದಳು.

“ಭಯ ಆಗಲ್ವೇನಮ್ಮ?” ಎಂದು ಕೇಳಿದೆ.

“ಆಗ್ತದೆ.”

“ಮತ್ತೆ?”

“ಮನೇಲಿ ಎಲ್ ಕೂತ್ರೂ ಯಾರಾನ ಬಂದು ಏನಾನ ಕೇಳ್ತಾರೆ. ಊಟ ಆಯ್ತಾ, ಮಾತ್ರೆ ಆಯ್ತಾ, ಟೀವಿ ಆಕ್ಲಾ ಅಂತ. ಒಳ್ಳೇವ್ರೇ ಎಲ್ಲಾ. ಅಲ್ಲಿ ಯಾರೂ ಏನೂ ಕೇಳಲ್ಲ. ಇನ್ನೇನ್ ಏಳ್ಲಿ ನಿಂಗೆ?”

ಹೊಸ ಹೊದಿಕೆ ಬೇಕೇಬೇಕಾಯಿತು, ಆದರೆ ಮುನಿರಾಜು ಅದರ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. “ಅಕ್ಕ, ನೀನೇ ನೋಡ್ಬಿಡು,” ಎಂದ. ಹಾಗಾಗಿ ಆಯ್ಕೆ ನನ್ನ ತಲೆಗೆ ಬಂತು. ಅಮ್ಮ ಯಾವುದರ ಕೆಳಗೆ ಮಲಗಬೇಕೋ ಅದನ್ನು ನಾನು ಆರಿಸಬೇಕು. ನೀವಾದರೆ ಏನು ಮಾಡುತ್ತಿದ್ದಿರೋ! ನಾನಂತೂ ಕತ್ತಲಲ್ಲಿ ಜಿಪ್ಪು ತೆಗೆಯಲಾಗುತ್ತದೆಯೇ ಎಂದು ತಿಳಿಯಲು ಮನೆಯಲ್ಲಿದ್ದ ಬ್ಯಾಗುಗಳ ಜಿಪ್ಪನ್ನೆಲ್ಲ ಕಣ್ಣು ಮುಚ್ಚಿಕೊಂಡು ಎಳೆದು ನೋಡುತ್ತ ಕುಳಿತೆ. ಎರಡು ಬ್ಯಾಗು ಹಾಳಾದವು.

ಯಶವಂತಪುರದಲ್ಲಿ ಲಾರಿ ಟಾರ್ಪಾಲು ಹೊಲಿಯುವ ಅಂಗಡಿಗೆ ಅಮ್ಮನನ್ನೂ ಕರೆದುಕೊಂಡು ಹೋದೆ. ಬರುತ್ತೇನೆಂದು ಅವಳೇ ಹಟ ಹಿಡಿದಿದ್ದಳು. ಅಂಗಡಿಯ ಇಲಿಯಾಸ್ ಮಾತುಗಾರ. ಮೊಬೈಲಿನಲ್ಲಿ ವಿದೇಶದ ಬೋಟುಗಳ ಚಿತ್ರ ತೋರಿಸಿದರು. ಹೊದಿಕೆ ಮೈಗೆ ಅಂಟಿದಂತೆ ಬಿಗಿಯಾಗಿ ಕೂತಿತ್ತು, ಒಂದು ಸುಕ್ಕಿಲ್ಲ. “ನೋಡಿ ಮೇಡಂ, ಕಸ್ಟಮ್ ಅಂದ್ರೆ ಇದು. ಸೊಳ್ಳೇನೂ ಒಳಗ್ ಹೋಗಲ್ಲ.” ನಾನು ಮೊಬೈಲನ್ನು ಅವರ ಕಡೆಗೇ ಸರಿಸಿದೆ.

“ನಮಗೆ ಸಡಿಲವಾಗಿ ಬೇಕು,” ಎಂದೆ.

“ಸಡಿಲ ಆದ್ರೆ ನೀರ್ ನಿಲ್ಲತ್ತೆ ಮೇಡಂ. ನೀರ್ ನಿಂತ್ರೆ ಬಟ್ಟೆ ಒಳಗಡೆ ಬೀಳತ್ತೆ. ಬಿಗೀನೇ ಬೇಕು.”

ಆ ಮಾತು ಸುಳ್ಳಲ್ಲ. ನೀರು ನಿಲ್ಲಬಾರದೆಂದೇ ಅಲ್ಲವೇ ಮುನಿರಾಜು ಅಂದು ಹಗ್ಗ ಎಳೆದದ್ದು? ಅಮ್ಮನನ್ನು ನಮಗೆ ತೋರಿಸಿಕೊಟ್ಟ ಸಡಿಲವೇ ಅವಳನ್ನು ಕಟ್ಟಿಹಾಕಿಸಿಯೂ ಇತ್ತು. ನಾನು ಸ್ಯಾಂಪಲ್ಲುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡೆ. ನೀಲಿಯದು ನೀರು ಬಿಡುವುದಿಲ್ಲ, ಗಾಳಿಯನ್ನೂ ಬಿಡುವುದಿಲ್ಲ. ಹಸಿರು ದಪ್ಪ ಕ್ಯಾನ್ವಾಸು, ಬಾಯಿಗಿಟ್ಟು ಊದಿದರೆ ಆಚೆಗೆ ಉಸಿರು ಹಾಯುತ್ತದೆ. ಅಂಗಡಿಯಲ್ಲಿ ನಿಂತು ಬಟ್ಟೆ ಊದುತ್ತಿದ್ದ ನನ್ನನ್ನು ಇಲಿಯಾಸ್ ವಿಚಿತ್ರವಾಗಿ ನೋಡಿದರು.

“ಒಳಗಿನಿಂದ ತೆಗೆಯೋ ಹಾಗೆ ಆಗತ್ತಾ?” ಎಂದು ಕೇಳಿದೆ.

“ಒಳಗಿಂದಾನಾ? ಬೋಟ್ ಒಳಗ್ ಯಾರ್ ಇರ್ತಾರೆ ಮೇಡಂ?”

“ನಾನಿರ್ತೀನಿ,” ಎಂದಳು ಅಮ್ಮ, ಸ್ಟೂಲಿನ ಮೇಲಿಂದ.

ಇಲಿಯಾಸ್ ನಕ್ಕರು. “ಹಂಗಾದ್ರೆ ಒಂದ್ ಮನೇನೇ ಮಾಡ್ಕೊಡ್ತೀನಿ ಬಿಡಿ ಅಮ್ಮ. ಬಾಗ್ಲು, ಕಿಟಕಿ ಎಲ್ಲಾ ಇಟ್ಟು.”

“ಬಾಗ್ಲು ಮಡಗು. ಕಿಟ್ಕಿ ಬ್ಯಾಡ. ಕಿಟ್ಕಿ ಇದ್ರೆ ಬಂದು ಇಣುಕ್ತಾರೆ.”

ಕೊನೆಗೆ ಹಸಿರು ಕ್ಯಾನ್ವಾಸೇ ಆಯಿತು. ಹಗ್ಗ ಸಿಕ್ಕಿಸುವ ಕಂಬದ ಮೇಲೆ ಗುಡಾರದಂತೆ ನಿಲ್ಲುವ ಬಿಗಿಯಾದ ಹೊದಿಕೆ, ಮೇಲುಗಡೆ ಮಳೆ ಬೀಳದಂತೆ ಮುಸುಕಿರುವ ಗಾಳಿಕಂಡಿಗಳು, ಎರಡೂ ಮಗ್ಗುಲಿಗೆ ಒಳಗಿನಿಂದಲೂ ಎಳೆಯಬಹುದಾದ ಜಿಪ್ಪು. ಒಂದು ಸಿಕ್ಕಿಕೊಂಡರೆ ಇನ್ನೊಂದಿರಲಿ ಎಂದು ಎರಡು. ಎರಡೂ ಸಿಕ್ಕಿಕೊಂಡರೆ ಎಂದು ಕೇಳಿದ್ದಕ್ಕೆ ಇಲಿಯಾಸ್ ಚಹಾ ತರಿಸಿದರು.

ನಿನ್ನೆ ಹೊದಿಕೆ ಬಂತು. ಅಂಗಡಿಯವರು ಹಾಕಿಹೋದ ಮೇಲೆ ನಾನು, ಅಮ್ಮ, ಮುನಿರಾಜು ಸೈಟಿನಲ್ಲಿ ನಿಂತೆವು. ಮೊದಲು ನಾನೇ ಒಳಗೆ ಹೋಗುತ್ತೇನೆ ಎಂದೆ. ನನ್ನ ವಯಸ್ಸಿನ ಹೆಂಗಸು ಸೀರೆ ಎತ್ತಿಕೊಂಡು ಬೋಟು ಹತ್ತುವುದನ್ನು ಎದುರುಮನೆಯವರು ಬಾಲ್ಕನಿಯಿಂದ ನೋಡುತ್ತಿದ್ದರು. ನೋಡಲಿ. ಮುನಿರಾಜು ಹೊರಗಿನಿಂದ ಜಿಪ್ಪು ಎಳೆದ.

ಕತ್ತಲಾಯಿತು. ಹೊರಗಿನ ಸದ್ದೆಲ್ಲ ದೂರ ಹೋಯಿತು. ಜಿಪ್ಪಿನ ನಾಲಿಗೆ ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಗುರುತು ಹಾಕಿಸಿದವಳೇ ನಾನು. ಆದರೂ ಕೈಗೆ ಬಟ್ಟೆಯಷ್ಟೇ ಸಿಕ್ಕಿತು. ಅಮ್ಮನಿಗೆ ಅಂದು ಹುಡುಕಲು ಜಿಪ್ಪೂ ಇರಲಿಲ್ಲವಲ್ಲ ಎಂಬ ಯೋಚನೆ ಬಂತು. “ಅಕ್ಕಾ, ಸಿಕ್ತಾ? ತೆಗೀಲಾ? ತೆಗೀತೀನಿ!” ಎಂದು ಮುನಿರಾಜು ಹೊರಗೆ ಚಡಪಡಿಸುತ್ತಿದ್ದ. ಬೇಡ ಎಂದೆ. ಹುಡುಕಿದೆ. ಸಿಕ್ಕಿತು. ಎಳೆದೆ. ಬೆಳಕು ಬಂತು. ಇನ್ನೊಂದು ಮಗ್ಗುಲಿನದನ್ನೂ ಎಳೆದು ನೋಡಿದೆ.

ನಾನು ಇಳಿದ ಕೂಡಲೇ ಅಮ್ಮ ಹತ್ತಿದಳು. ಈ ಸಲ ಚಪ್ಪಲಿಯನ್ನು ಟ್ರೈಲರಿನ ಪಕ್ಕ, ಎಲ್ಲರಿಗೂ ಕಾಣುವಂತೆ ಬಿಟ್ಟಳು. “ಮುಚ್ಚು,” ಎಂದಳು. ಮುನಿರಾಜು ನನ್ನ ಮುಖ ನೋಡಿ ಹಿಂದೆ ಸರಿದ. ಜಿಪ್ಪನ್ನು ನಾನೇ ಎಳೆದೆ. ಅಮ್ಮನ ಮುಖ ಕಾಣದಾಗುವ ತನಕ ಎಳೆಯುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಿತ್ತು.

ಪರೀಕ್ಷೆಗೆಂದು ಒಳಗೆ ಹೋದವಳು ತೆಗೆಯಲೇ ಇಲ್ಲ. ನಾವು ಕಾದೆವು. ಒಳಗಿಂದ ಏನೂ ಕೇಳಲಿಲ್ಲ. ಮುನಿರಾಜು ತಡೆಯಲಾರದೆ ಹೊದಿಕೆಗೆ ಬಾಯಿ ಹಚ್ಚಿ, “ಅಮ್ಮಾ! ಅಮ್ಮಾ, ಜಿಪ್ ಸಿಕ್ತಾ?” ಎಂದು ಕೂಗಿದ.

“ಸಿಕ್ತು. ಸುಮ್ಕಿರ್ಲಾ, ಈಗಿನ್ನೂ ಕೂತಿವ್ನಿ,” ಎಂದಳು ಅಮ್ಮ ಒಳಗಿನಿಂದ.

ಅವನು ಮತ್ತೆ ಬಾಯಿ ತೆರೆಯುತ್ತಿದ್ದ. ನಾನು ಅವನ ತೋಳು ಹಿಡಿದು ಮನೆಯ ಕಡೆಗೆ ತಿರುಗಿಸಿದೆ. ವರಾಂಡದವರೆಗೆ ಬಂದೆವು. ಹಿಂದಿರುಗಿ ನೋಡಬೇಕೆಂದು ಬಹಳ ಅನ್ನಿಸಿತು. ನೋಡಲಿಲ್ಲ, ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.