ಇಟ್ಟಿಗೆಯಿಂದ ಉಜ್ಜಿದ ಕಂಬಳಿ

ರಾಜೇಶ್ವರಿ ಹಾಡಲು ನಿಂತರೆ ನಾನು ಸೌಂಡ್ ಬಾಕ್ಸಿನ ದನಿ ಇಳಿಸಬೇಕಾಗುತ್ತದೆ. ಹುಮನಾಬಾದಿನಲ್ಲಿ ಮದುವೆ, ಸಭೆಗಳಿಗೆ ಮೈಕ್ ಬಾಡಿಗೆ ಕೊಡುವವನು ನಾನು. ಎಂಥೆಂಥ ಗಂಟಲು ಕೇಳಿದ್ದೇನೆ, ಅಂಥದ್ದು ಇನ್ನೊಂದಿಲ್ಲ. ಪಕ್ಕದ ಹುಡಗಿ ಎಂಬ ಗ್ರಾಮದ ಕುರಿಗಾರ ಮಡೆಪ್ಪನ ಮಗಳು ಅವಳು. ಹಗಲೆಲ್ಲ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಒಡೆದ ಪರದೆ ಬದಲಿಸುತ್ತಾಳೆ, ಸಂಜೆ ಉತ್ತಮನ ರಾಕ್ ಬ್ಯಾಂಡಿನಲ್ಲಿ ಹಾಡುತ್ತಾಳೆ. ಎರಡಕ್ಕೂ ಒಂದೇ ಉಡುಪು: ಜೀನ್ಸ್, ಮೇಲೊಂದು ಚೌಕಳಿ ಅಂಗಿ. ಊರವರು ಮೊದಮೊದಲು ಆಡಿಕೊಂಡರು, ಆಮೇಲೆ ಬಾಯಿ ಸೋತು ಸುಮ್ಮನಾದರು. ಮಡೆಪ್ಪ ಮಾತ್ರ ಒಂದು ದಿನವೂ ಏನೂ ಅನ್ನಲಿಲ್ಲ. ಹಿಂಡಿನ ಹಿಂದೆ ನಡೆಯುತ್ತ ಮೊಬೈಲಿನಲ್ಲಿ ಮಗಳ ಹಾಡು ಹಚ್ಚಿಕೊಂಡಿರುತ್ತಿದ್ದ.

ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ. ಎದೆನೋವು ಅಂದವನು ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣು ಮಾಡುವಾಗ ಹೆಂಡತಿ ತುಳಜಾಬಾಯಿ ಅವನ ಕಂಬಳಿಯನ್ನೇ ಅವನಿಗೆ ಹೊದಿಸಿದಳು. ನಾನೂ ಅಲ್ಲಿದ್ದೆ.

ಈ ವರ್ಷ ಬಸವಕಲ್ಯಾಣದಲ್ಲಿ ಬ್ಯಾಂಡುಗಳ ಸ್ಪರ್ಧೆ ಬಂತು. ಗೆದ್ದವರ ಹಾಡು ಹೈದರಾಬಾದಿನಲ್ಲಿ ರೆಕಾರ್ಡ್ ಆಗುತ್ತದೆಂದು ಉತ್ತಮನಿಗೆ ನಿದ್ದೆಯೇ ಹಾರಿಹೋಗಿತ್ತು.

"ಜೀನ್ಸ್ ಹಾಕ್ಕೊಂಡು ಹಾಡೋರು ಗಲ್ಲಿಗೊಬ್ರು ಇದ್ದಾರ, ಅಕ್ಕಾ. ನೀ ಕುರಿ ಕಾಯೋರ ಮಗಳು ಅಂತ ಕಾಣಬೇಕು. ನಿಮ್ಮಪ್ಪನ ಕಂಬಳಿ ಹೊಚ್ಗೊಂಡು ಬಾ."

"ನಾ ಕುರಿ ಕಾಯೋರ ಮಗಳೇ ಇದ್ದೀನಲ್ಲ, ಮತ್ತ ಕಾಣೋದು ಯಾಕ? ಆ ಕಂಬಳಿ ಅಪ್ಪನ ಜೋಡಿ ಹೋತು."

ಉತ್ತಮ ಅಷ್ಟಕ್ಕೆ ಬಿಡುವವನಲ್ಲ. ಪೇಟೆಯಿಂದ ಹೊಸ ಕಂಬಳಿ ತಂದು, ಇಟ್ಟಿಗೆಯಿಂದ ಉಜ್ಜಿ, ಬೂದಿ ಬಳಿದು ಮುದಿ ಮಾಡಿದ. ಕುರಿಗಾರನ ಮಗಳಿಗೇ ಕುರಿಗಾರನ ಮಗಳ ಹಾಗೆ ಕಾಣಲು ವೇಷ ಹಾಕುವುದೆಂದರೆ ಅದೆಂಥ ಬುದ್ಧಿಯೋ! ನನಗೆ ಮೈ ಉರಿದುಹೋಯಿತು. ಆದರೆ ಬ್ಯಾಂಡಿನವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಅವರ ಆಸೆಗೆ ಅಡ್ಡ ಬರಲಾರದೆ ಅವಳು ಒಪ್ಪಿಕೊಂಡಳು.

ಸ್ಪರ್ಧೆಯ ಸಂಜೆ ತುಳಜಾಬಾಯಿಯೂ ಬಂದಿದ್ದಳು. ಮಗಳು ವೇದಿಕೆ ಮೇಲೆ ಹಾಡುವುದನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು. ರಾಜೇಶ್ವರಿ ಕಂಬಳಿ ಹೊದ್ದು ನಿಂತಳು. ಡ್ರಮ್ ಶುರುವಾಯಿತು. ಉತ್ತಮ, ಯಾರನ್ನೂ ಕೇಳದೆ, ಮೈಕಿನಲ್ಲಿ ಕೂಗಿದ: "ನಮ್ಮ ರಾಜೇಶ್ವರಿ ಅಕ್ಕನ ತೀರಿಹೋದ ಅಪ್ಪ ಹೊಚ್ಗೋತಿದ್ದ ಕಂಬಳಿ ಇದು!"

ಮೈದಾನವೆಲ್ಲ ಚಪ್ಪಾಳೆ. ತುಳಜಾಬಾಯಿ ಎದ್ದು ನೇರ ನನ್ನ ಮೇಜಿನ ಹತ್ತಿರ ಬಂದಳು.

"ಅಣ್ಣಾ, ಅಂವನ ಮ್ಯಾಲಿಂದು ಯಾರು ತೆಗದ್ರು? ಮಣ್ಣು ಯಾರು ಕೆದರಿದ್ರು?"

ಇಂಥದ್ದೊಂದು ಅರ್ಥವಾಗಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಪಾಪ, ಆ ಹೆಂಗಸಿನ ಕಣ್ಣಲ್ಲಿ ಗಂಡನ ಗುಂಡಿಯೇ ಬಾಯಿ ತೆರೆದಿತ್ತು.

ರಾಜೇಶ್ವರಿ ಮೇಲಿಂದ ತಾಯಿಯ ಮುಖ ನೋಡಿದಳು. ಇಳಿದು ಬಂದು ಕಿವಿಯಲ್ಲಿ ಹೇಳಬಹುದಿತ್ತು, ಹಾಡು ಮುಗಿಸಿ ಹೇಳಬಹುದಿತ್ತು. ಅಷ್ಟು ಹೊತ್ತು ತಾಯಿಯನ್ನು ಹಾಗೆ ನಿಲ್ಲಿಸಲು ಅವಳಿಂದಾಗಲಿಲ್ಲ. ಕೈ ಎತ್ತಿ ಡ್ರಮ್ ನಿಲ್ಲಿಸಿದಳು.

"ಅವ್ವಾ, ಇದು ಅಪ್ಪಂದಲ್ಲ. ಪ್ಯಾಟಿದು. ಹಳೀದು ಕಾಣಲಿ ಅಂತ ಇಟ್ಟಂಗಿಲೆ ತಿಕ್ಕೀವಿ."

ಸೌಂಡ್ ಬಾಕ್ಸುಗಳು ಆ ಮಾತನ್ನು ಇಡೀ ಮೈದಾನಕ್ಕೆ ಹೇಳಿದವು. ಎಲ್ಲೋ ಹಿಂದೆ ನಗು ಎದ್ದಿತು. ಉತ್ತಮ ತಲೆ ತಗ್ಗಿಸಿ ಗಿಟಾರಿನ ತಂತಿ ಬಿಗಿಯುತ್ತ ನಿಂತ. ಗೆಲ್ಲುವ ಮಾತು ಅಲ್ಲಿಗೇ ಮುಗಿಯಿತೆಂದು ಅವನಿಗೆ ಗೊತ್ತಾಗಿತ್ತು, ಹಾಗೆಯೇ ಆಯಿತು.

ತುಳಜಾಬಾಯಿಗೆ ನಂಬಿಕೆ ಬರಲಿಲ್ಲ. ಮೆಟ್ಟಿಲೇರಿ ಹೋಗಿ ಕಂಬಳಿಯ ಅಂಚು ಹಿಡಿದು, ಬೆರಳಿನಿಂದ ಎಳೆಎಳೆಯಾಗಿ ಮುಟ್ಟಿ ನೋಡಿದಳು. ಆಮೇಲೆ ಅಲ್ಲೇ, ಅಷ್ಟು ಜನರ ಎದುರಿಗೆ, ನೆಲಕ್ಕೆ ಕುಳಿತುಬಿಟ್ಟಳು. ಮಗಳ ಕೈಯಲ್ಲಿದ್ದ ಮೈಕ್ ಇನ್ನೂ ಚಾಲೂ ಇತ್ತು.

"ಹಂಗಾದ್ರ ನಿಮ್ಮಪ್ಪ ಹೊಚ್ಗೊಂಡೇ ಇದ್ದಾನ," ಎಂದಳು.