ತಮ್ಮನ ಕಾಲು ತೊಳೆದ ಸಂಜೆ

ಬೋಗುಣಿ ಇಟ್ಟುಕೊಂಡು ಮಂಡಿಯೂರಿದಾಗಲೇ ನನ್ನ ಮುಂದಿದ್ದ ಕಾಲು ಯಾರದೆಂದು ಗೊತ್ತಾಯಿತು. ಅದು ನನ್ನ ತಮ್ಮ ಯೋಹಾನನದು.

ಪ್ರಭು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಗುಡ್ ಫ್ರೈಡೇ ಹಿಂದಿನ ಸಂಜೆ ಗಿಣಿಗೇರಾದ ನಮ್ಮ ಪುಟ್ಟ ಚರ್ಚಿನಲ್ಲಿ ಗಂಡಸರು ಸಾಲಾಗಿ ಕೂತು ಪಕ್ಕದವರ ಕಾಲು ತೊಳೆಯುತ್ತೇವೆ. ಕೆಲಸ ಮುಗಿಸಿ ತಡವಾಗಿ ಬಂದ ನಾನು, ಪಕ್ಕದಲ್ಲಿ ಯಾರಿದ್ದಾರೆಂದು ನೋಡದೆ ಖಾಲಿ ಜಾಗದಲ್ಲಿ ಕೂತುಬಿಟ್ಟಿದ್ದೆ. ಹಿಟ್ನಾಳದ ಹತ್ತಿರ ಇವನು ಓಡಿಸುತ್ತಿದ್ದ ಬೈಕು ಉರುಳಿಯೇ, ಹಿಂದೆ ಕೂತಿದ್ದ ನನ್ನ ಹೆಂಡತಿ ತೀರಿಕೊಂಡದ್ದು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಪ್ರಾರ್ಥನೆಯಲ್ಲಿ ಕ್ಷಮಿಸುವ ಮಾತು ಬಂದಾಗಲೆಲ್ಲ ನನ್ನ ತುಟಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಬ್ಯಾಡಣ್ಣಾ, ನನ್ನ ಕಾಲು ಮುಟ್ಟಬ್ಯಾಡ," ಎಂದು ಅವನು ಕಾಲು ಹಿಂದೆಳೆದುಕೊಂಡ.

ಮುಳುಗುವ ಬಿಸಿಲು ಕಿಟಕಿಯಿಂದ ಬೋಗುಣಿಯ ನೀರಿಗೆ ಇಳಿದಿತ್ತು. ಹೆಂಗಸರ ಹಾಡು ಎಲ್ಲೋ ದೂರದ ಹೊಲದಿಂದ ಬಂದಂತೆ ಕೇಳುತ್ತಿತ್ತು. ಕನಸಿನಲ್ಲಿ ಕೈ ಚಾಚುವವನಂತೆ ನಾನು ಆ ಕಾಲು ಹಿಡಿದುಕೊಂಡೆ. ನೀರು ಹಾಕಿದಂತೆ ಕಾರ್ಖಾನೆಯ ಕರಿ ಧೂಳು ಕರಗಿ ಇಳಿಯಿತು. ಅದರಡಿಯಿಂದ, ಹಿಮ್ಮಡಿಯಿಂದ ಮೊಣಕಾಲವರೆಗೆ, ಹೊಲಿಗೆಯ ಉದ್ದ ಗುರುತೊಂದು ಕಂಡಿತು. ಅದೇ ರಸ್ತೆ ಇವನನ್ನೂ ಸೀಳಿತ್ತು.

"ಭಾಳ ನೋವಾಗಿತ್ತೇನಲೇ?" ಎಂದೆ. ಅವನು ಅತ್ತುಬಿಟ್ಟ.

ಹೊರಗೆ ಬಂದಾಗ ಅವನು ಬೈಕು ಚಾಲೂ ಮಾಡಿ, ನನ್ನನ್ನು ಕರೆಯುವ ಧೈರ್ಯ ಸಾಲದೆ ನಿಂತಿದ್ದ. ನಾನೇ ಹೋಗಿ ಹಿಂದೆ, ಅವಳು ಕೂತಿದ್ದ ಜಾಗದಲ್ಲಿ, ಕೂತೆ. ಮನೆ ಬರುವತನಕ ಅವನು ನಡೆದಷ್ಟೇ ಸಾವಕಾಶ ಓಡಿಸಿದ.